ವಿದ್ಯುತ್ ಕಾರಿನ ಟಚ್‌ಸ್ಕ್ರೀನ್ ಸ್ತಬ್ಧವಾದರೆ ಚಾಲಕ ಏನು ಮಾಡಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮುಂಬಯಿ, ಠಾಣೆ ಮತ್ತು ನವಿ ಮುಂಬಯಿಯ ಹೌಸಿಂಗ್ ಸೊಸೈಟಿಗಳ ಸಭೆಗಳಲ್ಲಿ ನೀರಿನ ಟ್ಯಾಂಕರ್ ಮತ್ತು ಲಿಫ್ಟ್ ದುರಸ್ತಿಯ ಜೊತೆಗೆ ವಿದ್ಯುತ್ ಕಾರಿನ ಚಾರ್ಜಿಂಗ್ ಪಾಯಿಂಟ್ ಕೂಡ ಈಗ ಚರ್ಚೆಗೆ ಬರುತ್ತಿದೆ. ನಮ್ಮ ಕನ್ನಡಿಗರಲ್ಲಿಯೂ ಹೋಟೆಲ್ ಉದ್ಯಮಿಗಳಿಂದ ಹಿಡಿದು ಬ್ಯಾಂಕಿನಿಂದ ನಿವೃತ್ತರಾದವರ ತನಕ ಅನೇಕರು ಇಂಥ ಕಾರು ಕೊಂಡಿದ್ದಾರೆ. ಕೊಳ್ಳುವ ಮೊದಲು ಎಲ್ಲರೂ ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡುತ್ತದೆ, ಬ್ಯಾಟರಿಗೆ ಎಷ್ಟು ವರ್ಷ ವಾರಂಟಿ, ಊರಿಗೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ಚಾರ್ಜರ್ ಇದೆ ಎಂದು ವಿಚಾರಿಸುತ್ತಾರೆ. ಡ್ಯಾಶ್‌ಬೋರ್ಡಿನ ನಡುವಿನ ಟಚ್‌ಸ್ಕ್ರೀನ್ ಕೈಗೆ ಸ್ಪಂದಿಸದೆ ನಿಂತರೆ ಏನು ಮಾಡಬೇಕು ಎಂದು ಕೇಳುವವರು ನನಗೆ ಇದುವರೆಗೆ ಸಿಕ್ಕಿಲ್ಲ, ಮಾರುವವರೂ ಅದನ್ನು ತಾವಾಗಿ ಹೇಳುವುದಿಲ್ಲ. ಈ ಮಾಹಿತಿ ಕಾರಿನ ಕೀಲಿಕೈಯ ಜೊತೆಗೇ ಖರೀದಿದಾರರಿಗೆ ಸಿಗಬೇಕು ಮತ್ತು ಗಾಜಿಗೆ ಕವಿದ ಮಂಜನ್ನು ತೆಗೆಯುವಂಥ ಸುರಕ್ಷತೆಯ ಕೆಲಸಗಳು ಪರದೆಯೊಂದನ್ನೇ ನಂಬಿಕೊಂಡಿರಬಾರದು ಎಂಬ ಎರಡು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮತ್ತು ಸಂಬಂಧಪಟ್ಟವರ ಮುಂದಿಡಲು ಬಯಸುತ್ತೇನೆ. ಎಲೆಕ್ಟ್ರಾನಿಕ್ ಉಪಕರಣಗಳ ದುರಸ್ತಿ ವಿಭಾಗದಲ್ಲಿ ದುಡಿದು ನಿವೃತ್ತನಾದವನಾದ್ದರಿಂದ ಈ ವಿಷಯದಲ್ಲಿ ನನಗೆ ತಿಳಿದಷ್ಟನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ನನ್ನ ಭಾವನವರು ಅಕ್ಕನನ್ನು ಕರೆದುಕೊಂಡು ಶಿವಡಿಯ ಕಡೆಯಿಂದ ಅಟಲ್ ಸೇತುವಿನ ಮೇಲೆ ನವಿ ಮುಂಬಯಿಗೆ ಬರುತ್ತಿದ್ದರು. 2024ರ ಜನವರಿಯಲ್ಲಿ ಸಂಚಾರಕ್ಕೆ ತೆರೆದುಕೊಂಡ ಆ ಸೇತುವೆಯ ಉದ್ದ 21.8 ಕಿಲೋಮೀಟರ್, ಅದರ ಬಹುಭಾಗ ಸಮುದ್ರದ ಮೇಲಿದೆ, ನಡುವೆ ವಾಹನ ನಿಲ್ಲಿಸಲು ಅನುಮತಿಯಿಲ್ಲ. ಜೋರು ಮಳೆಯಲ್ಲಿ ಮುಂದಿನ ಗಾಜಿನ ಒಳಮೈಗೆ ಮಂಜು ಕವಿಯಿತು. ಎ.ಸಿ.ಯ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸುವ ಗುಂಡಿ ಆ ಕಾರಿನಲ್ಲಿ ಇಲ್ಲ, ಅದು ಪರದೆಯೊಳಗಿನ ಒಂದು ಚಿತ್ರ ಮಾತ್ರ. ಆ ಹೊತ್ತಿಗೆ ಪರದೆಯ ಮೇಲೆ ನಕ್ಷೆ ಚಲಿಸುತ್ತಿದ್ದರೂ ಬೆರಳು ಎಲ್ಲಿ ಒತ್ತಿದರೂ ಅದು ಸ್ಪಂದಿಸುತ್ತಿರಲಿಲ್ಲ. ಭಾವನವರು ಎಡಗಡೆಯ ಲೇನ್‌ಗೆ ಬಂದು, ವೇಗ ತಗ್ಗಿಸಿ, ಎರಡೂ ಕಡೆಯ ಕಿಟಕಿಗಳನ್ನು ಇಳಿಸಿ, ನೆನೆಯುತ್ತಲೇ ಸೇತುವೆ ದಾಟಿದರು. ಕಿಟಕಿ ಇಳಿಸಿದ್ದರಿಂದ ಒಳಗಿನ ಮತ್ತು ಹೊರಗಿನ ತೇವ ಸಮವಾಗಿ ಗಾಜು ತಕ್ಕಮಟ್ಟಿಗೆ ತಿಳಿಯಾಯಿತು. ಅವರು ಮಾಡಿದ್ದು ಸರಿಯಾದ ಕೆಲಸ. ಆದರೆ ಇಂಥ ಕೆಲಸ ಮಾಡಬೇಕೆಂದು ಕಾರು ಮಾರಿದವರು ಯಾರೂ ಅವರಿಗೆ ಹೇಳಿರಲಿಲ್ಲ.

ಮರುದಿನ ಸರ್ವಿಸ್ ಸೆಂಟರಿನಲ್ಲಿ, ಪರದೆಯೊಳಗೆ ನೀರಿನಂಶ ಹೋಗಿದೆ, ಇಡೀ ಪರದೆಯನ್ನು ಬದಲಿಸಬೇಕು, ಇದು ವಾರಂಟಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಭಾವನವರು ಒಪ್ಪದೆ ಅದೇ ಕಂಪನಿಯ ಇನ್ನೊಂದು ಸರ್ವಿಸ್ ಸೆಂಟರಿಗೆ ಹೋದರು. ಅಲ್ಲಿನ ತಂತ್ರಜ್ಞ ಪರದೆಯ ಮೇಲೆ ಹೊರಗಿನ ಅಂಗಡಿಯಲ್ಲಿ ಅಂಟಿಸಿದ್ದ ದಪ್ಪನೆಯ ಗಾರ್ಡನ್ನು ತೆಗೆದು, ಬಾಕಿಯಿದ್ದ ಸಾಫ್ಟ್‌ವೇರ್ ಅಪ್‌ಡೇಟ್ ಮುಗಿಸಿಕೊಟ್ಟ. ಅಂದಿನಿಂದ ಪರದೆ ಸರಿಯಾಗಿದೆ. ದೊಡ್ಡ ಮೊತ್ತದ ಬಿಲ್ಲೊಂದು ತಪ್ಪಿದ್ದು ಆ ತಂತ್ರಜ್ಞನ ತಾಳ್ಮೆಯಿಂದ. ಎಲ್ಲರಿಗೂ ಅಂಥವರೇ ಸಿಗುತ್ತಾರೆಂಬ ಭರವಸೆಯಿಲ್ಲ. ಆದ್ದರಿಂದ ದೋಷ ಎಲ್ಲಿದೆಯೆಂದು ಮಾಲೀಕರೇ ಒಂದು ಮಟ್ಟಕ್ಕೆ ಗುರುತಿಸಲು ಕಲಿತಿರುವುದು ಒಳ್ಳೆಯದು.

ಪರದೆ ಕೆಲಸ ಮಾಡುತ್ತಿಲ್ಲ ಎಂಬ ಒಂದೇ ದೂರಿನ ಹಿಂದೆ ಬೇರೆ ಬೇರೆ ದೋಷಗಳು ಇರುತ್ತವೆ. ಮೊದಲು ನೋಡಬೇಕಾದದ್ದು ಪರದೆಯ ಮೂಲೆಯಲ್ಲಿರುವ ಗಡಿಯಾರವನ್ನು. ಗಡಿಯಾರ ಮುಂದಕ್ಕೆ ಹೋಗುತ್ತಿದ್ದರೆ, ಅಥವಾ ರಿವರ್ಸ್ ಹಾಕಿದಾಗ ಹಿಂದಿನ ಕ್ಯಾಮೆರಾದ ಚಿತ್ರ ಸರಿಯಾಗಿ ಮೂಡಿದರೆ, ಒಳಗಿನ ಕಂಪ್ಯೂಟರ್ ನಡೆಯುತ್ತಿದೆ ಎಂದೇ ಅರ್ಥ. ಬೆರಳಿನ ಸ್ಪರ್ಶವನ್ನು ಗುರುತಿಸುವ ಪದರ ಅಥವಾ ಅದಕ್ಕೆ ಸಂಬಂಧಿಸಿದ ಸಾಫ್ಟ್‌ವೇರಿನಲ್ಲಿ ಮಾತ್ರ ತೊಂದರೆಯಿದೆ. ಗಡಿಯಾರವೇ ನಿಂತಿದ್ದರೆ ಕಂಪ್ಯೂಟರ್ ಹ್ಯಾಂಗ್ ಆಗಿದೆ. ಪರದೆ ಪೂರ್ತಿ ಕಪ್ಪಾಗಿದ್ದು ಹಾಡು ಮಾತ್ರ ಕೇಳಿಸುತ್ತಿದ್ದರೆ ದೋಷ ಹೆಚ್ಚಾಗಿ ಪರದೆಯಲ್ಲಿ, ಅದರ ಬೆಳಕಿನಲ್ಲಿ ಅಥವಾ ಅಲ್ಲಿಗೆ ಹೋಗುವ ಕೇಬಲ್‌ನಲ್ಲಿರುತ್ತದೆ. ಇನ್ನೂ ಒಂದು ಪರೀಕ್ಷೆ ಮಾಡಬಹುದು. ಸ್ಟಿಯರಿಂಗ್ ಮೇಲಿನ ಗುಂಡಿಯಿಂದ ದನಿಯ ಆಜ್ಞೆ ಕೊಟ್ಟು ಎ.ಸಿ.ಯ ಉಷ್ಣತೆಯನ್ನು ಬದಲಿಸಲು ಹೇಳಿ ನೋಡಬೇಕು. ದನಿಗೆ ಕಾರು ಓಗೊಟ್ಟು ಬೆರಳಿಗೆ ಮಾತ್ರ ಸ್ಪಂದಿಸದಿದ್ದರೆ ಸ್ಪರ್ಶದ ಪದರದ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಅಷ್ಟೇ ಅಲ್ಲ, ಪರದೆಯ ಸ್ಪರ್ಶ ಕೈಕೊಟ್ಟಾಗ ಗಾಜಿನ ಮಂಜು ತೆಗೆಯಲು ಆ ದನಿಯೇ ಆಸರೆಯಾಗಬಹುದು. ತಮ್ಮ ಕಾರಿನಲ್ಲಿ ಅದು ನಡೆಯುತ್ತದೆಯೇ ಎಂದು ಮನೆಯ ಅಂಗಳದಲ್ಲೇ ಪರೀಕ್ಷಿಸಿ ಇಟ್ಟುಕೊಳ್ಳುವುದು ಜಾಣತನ.

ಈಗಿನ ಕಾರುಗಳ ಪರದೆಗಳು ಬೆರಳಿನ ಒತ್ತಡವನ್ನು ಅಳೆಯುವುದಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ, ವಿದ್ಯುತ್ ಹರಿಯಬಲ್ಲ ಒಂದು ಜಾಲರಿ ಇರುತ್ತದೆ; ನಮ್ಮ ಮೈ ವಿದ್ಯುತ್ ವಾಹಕವಾದ್ದರಿಂದ ಬೆರಳು ಹತ್ತಿರ ಬಂದೊಡನೆ ಆ ಜಾಗದ ವಿದ್ಯುತ್ ಧಾರಣೆ ಅತಿ ಸೂಕ್ಷ್ಮವಾಗಿ ಬದಲಾಗುತ್ತದೆ, ಒಂದು ಸಣ್ಣ ಚಿಪ್ ಆ ಬದಲಾವಣೆಯನ್ನು ಲೆಕ್ಕ ಹಾಕಿ ಬೆರಳು ಎಲ್ಲಿದೆಯೆಂದು ತಿಳಿಯುತ್ತದೆ. ಹೀಗಿರುವುದರಿಂದ ಜೋರಾಗಿ ಒತ್ತಿದರೆ ಪ್ರಯೋಜನವಿಲ್ಲ, ಕುಟ್ಟಿದರೆ ನಷ್ಟವೇ ಹೆಚ್ಚು. ಒಣಗಿದ ಬಟ್ಟೆಯ ಕೈಗವಸು ಬೆರಳನ್ನು ಮರೆಮಾಡುತ್ತದೆ. ನೀರಿನ ಹನಿಯೂ ವಿದ್ಯುತ್ ವಾಹಕವಾದ್ದರಿಂದ ಒದ್ದೆ ಕೈಯಿಂದ ಮುಟ್ಟಿದಾಗ ಚಿಪ್‌ಗೆ ಗೊಂದಲವಾಗಿ, ನಾವು ಮುಟ್ಟದ ಕಡೆ ಪರದೆ ತಾನೇ ಒತ್ತಿಕೊಳ್ಳುವುದೂ ಉಂಟು. ಮುಂಬಯಿಯ ಮಳೆಗಾಲದಲ್ಲಿ ಕೊಡೆ ಮಡಚಿ ಕಾರಿನೊಳಗೆ ಕೂತವರ ಕೈ ಒಣಗಿರುವುದು ಅಪರೂಪ. ಮೈಕ್ರೋಫೈಬರ್ ಬಟ್ಟೆಯೊಂದನ್ನು ಕೈಗೆಟಕುವಲ್ಲಿ ಇಟ್ಟುಕೊಂಡು ಮೊದಲು ಬೆರಳನ್ನೂ ಪರದೆಯನ್ನೂ ಒರೆಸಿ ನೋಡಿದರೆ ಎಷ್ಟೋ ದೂರುಗಳು ಅಲ್ಲಿಗೇ ಮುಗಿಯುತ್ತವೆ. ಶುಚಿ ಮಾಡುವ ದ್ರವವನ್ನು ಪರದೆಯ ಮೇಲೆ ನೇರವಾಗಿ ಸಿಂಪಡಿಸಬಾರದು, ಅದು ಅಂಚಿನ ಸಂದಿಯಲ್ಲಿ ಇಳಿಯುತ್ತದೆ. ಬಟ್ಟೆಗೆ ಹಾಕಿ ಒರೆಸಬೇಕು. ಕುರ್ಲಾದಂಥ ಕಡೆಗಳ ಬಿಡಿಭಾಗದ ಅಂಗಡಿಗಳಲ್ಲಿ ಅಂಟಿಸುವ ಗಾಜಿನ ಗಾರ್ಡು ದಪ್ಪವಾಗಿದ್ದರೆ, ಅಥವಾ ಅದರ ಕೆಳಗೆ ಗಾಳಿಯ ಗುಳ್ಳೆಯೋ ತೇವವೋ ಸೇರಿದ್ದರೆ, ಸ್ಪರ್ಶದ ಸಂಕೇತ ದುರ್ಬಲವಾಗುತ್ತದೆ. ಪರದೆಯ ಒಂದು ಪಟ್ಟಿಯಷ್ಟು ಜಾಗ ಮಾತ್ರ ಸದಾ ಸತ್ತಂತಿದ್ದು ಉಳಿದ ಕಡೆ ಚೆನ್ನಾಗಿ ಸ್ಪಂದಿಸುತ್ತಿದ್ದರೆ, ಆಗ ಜಾಲರಿಯೇ ಕೆಟ್ಟಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ಬಿಸಿಲಿನದೂ ಒಂದು ಪಾಲಿದೆ. ಮೇ ತಿಂಗಳಲ್ಲಿ ತೆರೆದ ಜಾಗದಲ್ಲಿ ನಿಲ್ಲಿಸಿದ ಕಾರಿನ ಒಳಗೆ ಹೊರಗಿಗಿಂತ ಬಹಳ ಹೆಚ್ಚು ಶಾಖವಿರುತ್ತದೆ, ಪರದೆಯ ಹಿಂದಿನ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ ಅಥವಾ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. 2022ರ ಮೇ ತಿಂಗಳಲ್ಲಿ ಟೆಸ್ಲಾ ಕಂಪನಿ ಅಮೆರಿಕದಲ್ಲಿ ಸುಮಾರು 1,30,000 ಕಾರುಗಳನ್ನು ಇದೇ ಕಾರಣಕ್ಕೆ ರೀಕಾಲ್ ಮಾಡಿತ್ತು, ಅಂದರೆ ಮಾರಿದ ಕಾರುಗಳ ದೋಷವನ್ನು ತಾನೇ ಸರಿಪಡಿಸಿಕೊಡಲು ಮುಂದಾಗಿತ್ತು: ಫಾಸ್ಟ್ ಚಾರ್ಜಿಂಗ್ ವೇಳೆ ಪ್ರೊಸೆಸರ್‌ಗೆ ಸಾಕಷ್ಟು ತಂಪು ಸಿಗದೆ ಪರದೆ ನಿಧಾನವಾಗುತ್ತಿತ್ತು ಅಥವಾ ಕಪ್ಪಾಗುತ್ತಿತ್ತು. ಅದಕ್ಕೆ ಸಾಫ್ಟ್‌ವೇರ್ ಮೂಲಕವೇ ಪರಿಹಾರ ಕೊಡಲಾಯಿತು. ನಮ್ಮಲ್ಲಿಯೂ ಹೆದ್ದಾರಿಯ ಚಾರ್ಜರಿನಿಂದ ಹೊರಟ ಕೂಡಲೇ ಪರದೆ ತಡವರಿಸಿದರೆ, ಒಳಗೆ ತಂಪಾಗುವ ತನಕ ಕಾದು ನೋಡಿದ ಮೇಲೆಯೇ ದುರಸ್ತಿಯ ಮಾತು.

ಕಂಪ್ಯೂಟರ್ ಹ್ಯಾಂಗ್ ಆಗಿದ್ದರೆ ರೀಸ್ಟಾರ್ಟ್ ಮಾಡಬೇಕು. ಅದರ ವಿಧಾನ ಒಂದೊಂದು ಕಾರಿನಲ್ಲಿ ಒಂದೊಂದು ಬಗೆ. ಟೆಸ್ಲಾದಲ್ಲಿ ಸ್ಟಿಯರಿಂಗ್ ಮೇಲಿನ ಎರಡೂ ಉರುಳುಗುಂಡಿಗಳನ್ನು ಪರದೆ ಕಪ್ಪಾಗುವ ತನಕ ಒಟ್ಟಿಗೆ ಒತ್ತಿ ಹಿಡಿಯಬೇಕು. ಬೇರೆ ಕೆಲವು ಕಾರುಗಳಲ್ಲಿ ಪವರ್ ಅಥವಾ ಹೋಮ್ ಗುಂಡಿಯನ್ನು ಒತ್ತಿ ಹಿಡಿಯಬೇಕಾಗುತ್ತದೆ. ತಮ್ಮ ಕಾರಿನದು ಯಾವುದೆಂದು ಮಾಲೀಕರ ಕೈಪಿಡಿಯಲ್ಲಿ ನೋಡಿ ಗುರುತು ಹಾಕಿಕೊಳ್ಳಬೇಕು. ಕೈಪಿಡಿ ಅದೇ ಪರದೆಯೊಳಗೆ ಮಾತ್ರ ಇರುವ ಕಾರುಗಳೂ ಇವೆ, ಅಂಥವರು ಆ ಪುಟದ ಫೋಟೊವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು ಅಗತ್ಯ. ಬ್ರೇಕ್, ಸ್ಟಿಯರಿಂಗ್, ಏರ್‌ಬ್ಯಾಗ್ ಮತ್ತು ಮೋಟಾರಿನ ನಿಯಂತ್ರಣ ಬೇರೆಯೇ ಕಂಪ್ಯೂಟರ್‌ಗಳ ಕೈಯಲ್ಲಿರುವುದರಿಂದ ಪರದೆ ಕಪ್ಪಾದ ಮಾತ್ರಕ್ಕೆ ಕಾರು ನಿಲ್ಲುವುದಿಲ್ಲ. ಚಾಲಕರು ಗಾಬರಿಯಿಂದ ಬ್ರೇಕ್ ಹಾಕುವುದೇ ಹಿಂದಿನವರಿಗೆ ಅಪಾಯ. ಹಾಗೆಂದು ಓಡುವ ಕಾರಿನಲ್ಲಿ ರೀಸ್ಟಾರ್ಟ್ ಮಾಡಲು ಹೋಗಬಾರದು. ವೇಗವನ್ನು ತೋರಿಸುವ ಮೀಟರು ಅದೇ ಪರದೆಯಲ್ಲಿರುವ ಕಾರುಗಳಿವೆ, ಗೇರ್ ಆಯ್ಕೆಯೂ ಅಲ್ಲಿಗೇ ಸೇರಿದ ಮಾದರಿಗಳಿವೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪಾರ್ಕಿಂಗ್‌ಗೆ ಹಾಕಿ, ಆಮೇಲೆ ಮಾಡಬೇಕು.

ರೀಸ್ಟಾರ್ಟ್ ಮಾಡಿದ ಮೇಲೂ ತೊಂದರೆ ಮರುಕಳಿಸಿದರೆ, ಕಾರಿಗೆ ಜೋಡಿಸಿದ ಮೊಬೈಲು, ಪೆನ್‌ಡ್ರೈವ್, ಡ್ಯಾಶ್‌ಕ್ಯಾಮ್ ಎಲ್ಲವನ್ನೂ ತೆಗೆದು ಒಂದೆರಡು ದಿನ ಓಡಿಸಿ ನೋಡಬೇಕು. ಕೆಟ್ಟ ಪೆನ್‌ಡ್ರೈವ್ ಒಂದೇ ಇಡೀ ವ್ಯವಸ್ಥೆಯನ್ನು ತಡೆದು ನಿಲ್ಲಿಸಬಲ್ಲದು. ಸೊಸೈಟಿಯ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ನೆಟ್‌ವರ್ಕ್ ಸಿಗದೆ ಸಾಫ್ಟ್‌ವೇರ್ ಡೌನ್‌ಲೋಡ್ ಅರ್ಧಕ್ಕೆ ನಿಲ್ಲುವುದೂ ನಮ್ಮ ಕಡೆ ಸಾಮಾನ್ಯ. ಕಾರನ್ನು ಮೇಲೆ ತಂದು, ಅಪ್‌ಡೇಟ್ ಮುಗಿಯುವ ತನಕ ಅದರ ಗೋಜಿಗೆ ಹೋಗದಿರುವುದು ಲೇಸು. ದೊಡ್ಡ ಬ್ಯಾಟರಿಯ ಹೊರತಾಗಿ ವಿದ್ಯುತ್ ಕಾರುಗಳಲ್ಲೂ ಸಾಮಾನ್ಯವಾಗಿ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದು ಇರುತ್ತದೆಂಬುದು ಅನೇಕರಿಗೆ ತಿಳಿದಿಲ್ಲ. ಪರದೆ, ದೀಪ, ಬಾಗಿಲಿನ ಲಾಕ್ ಎಲ್ಲ ನಡೆಯುವುದು ಅದರಿಂದಲೇ. ಅದು ಹಳತಾಗಿ ಸೊರಗಿದಾಗ ದೊಡ್ಡ ಬ್ಯಾಟರಿ ತುಂಬಿದ್ದರೂ ಪರದೆ ವಿಚಿತ್ರವಾಗಿ ವರ್ತಿಸುತ್ತದೆ. ಅದನ್ನು ಪರೀಕ್ಷಿಸಲು ಸರ್ವಿಸ್ ಸೆಂಟರಿನಲ್ಲಿ ಒತ್ತಾಯಿಸಿ ಕೇಳಬೇಕು. ಅದರ ತಂತಿ ಬಿಚ್ಚಿ ಜೋಡಿಸುವ ಸಲಹೆಯನ್ನು ಕೆಲವರು ಕೊಡುತ್ತಾರೆ. ದಯವಿಟ್ಟು ಅದನ್ನು ಬಲ್ಲವರಿಗೇ ಬಿಡಬೇಕು, ಕಿತ್ತಳೆ ಬಣ್ಣದ ಹೊದಿಕೆಯ ಕೇಬಲ್‌ಗಳ ಹತ್ತಿರ ಯಾವ ಕಾರಣಕ್ಕೂ ಕೈ ಹಾಕಬಾರದು, ಅವುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಹಳೆಯ ಕಾರುಗಳ ವಿಷಯದಲ್ಲಿ ಇನ್ನೊಂದು ಕಾರಣವನ್ನು ನೆನಪಿಡಬೇಕು. 2021ರ ಫೆಬ್ರವರಿಯಲ್ಲಿ ಟೆಸ್ಲಾ ತನ್ನ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಮಾದರಿಯ ಸುಮಾರು 1,35,000 ಕಾರುಗಳನ್ನು ರೀಕಾಲ್ ಮಾಡಬೇಕಾಯಿತು. ಪರದೆಯ ಹಿಂದಿನ 8 ಜಿಬಿ ಮೆಮೊರಿ ಚಿಪ್ ಮತ್ತೆ ಮತ್ತೆ ಬರೆದು ಅಳಿಸಿದ್ದರಿಂದ ಸವೆದುಹೋಗುತ್ತಿತ್ತು; ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಪ್ರಕಾರ ಅದು ಬಾಳುತ್ತಿದ್ದುದು ಐದಾರು ವರ್ಷ. ಚಿಪ್ ಸತ್ತಾಗ ಹಿಂದಿನ ಕ್ಯಾಮೆರಾದ ಜೊತೆಗೆ ಗಾಜಿನ ಮಂಜು ತೆಗೆಯುವ ನಿಯಂತ್ರಣವೂ ಹೋಗುತ್ತಿತ್ತು, ಆದ್ದರಿಂದ ಅದನ್ನು ಸುರಕ್ಷತೆಯ ದೋಷವೆಂದೇ ಆ ಸಂಸ್ಥೆ ಪರಿಗಣಿಸಿತು. ಇಂಥ ಬಿಡಿಭಾಗ ವಾಹನದ ಪೂರ್ತಿ ಆಯುಸ್ಸಿಗೆ ಬಾಳಬೇಕೆಂದು ನಿರೀಕ್ಷಿಸುವುದು ಆರ್ಥಿಕವಾಗಿ ಸಾಧ್ಯವಲ್ಲ ಎಂಬುದು ಕಂಪನಿಯ ವಾದವಾಗಿತ್ತು. ಈ ವಾದವನ್ನು ನಾನು ಒಪ್ಪಲಾರೆ. ಮಂಜು ತೆಗೆಯುವ ಗುಂಡಿಯನ್ನು ಡ್ಯಾಶ್‌ಬೋರ್ಡಿನಿಂದ ತೆಗೆದು ಚಿಪ್ಪಿನೊಳಗೆ ಇಟ್ಟವರು ಕಂಪನಿಯವರು. ಹಾಗಿದ್ದ ಮೇಲೆ ಚಿಪ್ಪಿನ ಆಯುಸ್ಸಿನ ಹೊಣೆಯೂ ಅವರದೇ. 2025ರ ಜುಲೈಯಲ್ಲಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ಅದೇ ಕಂಪನಿಯ ಭಾರತದ ಮೊದಲ ಮಳಿಗೆ ತೆರೆದಿದೆ. ಇಂದಿನ ಅದರ ಕಾರುಗಳಲ್ಲಿರುವುದು ಬೇರೆ ಹೊಸ ಯಂತ್ರಾಂಶ ಎಂಬುದು ನಿಜವೇ. ಆದರೂ ಯಾವ ಕಂಪನಿಯ ಕಾರು ಕೊಂಡರೂ ಬ್ಯಾಟರಿಯ ವಾರಂಟಿ ಎಷ್ಟು ವರ್ಷವೆಂದು ಕೇಳಿದಷ್ಟೇ ಗಟ್ಟಿಯಾಗಿ ಪರದೆಯ ವಾರಂಟಿ ಎಷ್ಟು ವರ್ಷವೆಂದು ಕೇಳಬೇಕು, ಉತ್ತರವನ್ನು ಲಿಖಿತವಾಗಿ ಪಡೆಯಬೇಕು.

ದೋಷ ಬಂದುಹೋಗುವ ಸ್ವಭಾವದ್ದಾದರೆ, ಸರ್ವಿಸ್ ಸೆಂಟರಿನ ಮುಂದೆ ಪರದೆ ಚೆನ್ನಾಗಿಯೇ ಇರುತ್ತದೆ, ನಾವು ಸುಳ್ಳು ಹೇಳಿದಂತಾಗುತ್ತದೆ. ಕಾರು ನಿಂತಿರುವಾಗ ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ, ಮಳೆಯಿತ್ತೇ, ಬಿಸಿಲಿತ್ತೇ, ಚಾರ್ಜಿಂಗ್ ಆದ ಮೇಲೆಯೇ ಎಂಬುದನ್ನು ಬರೆದಿಟ್ಟುಕೊಂಡರೆ ತಂತ್ರಜ್ಞನಿಗೂ ಅದು ದಾರಿ ತೋರಿಸುತ್ತದೆ. ಜಾಬ್ ಕಾರ್ಡಿನಲ್ಲಿ ‘ಸಾಮಾನ್ಯ ತಪಾಸಣೆ’ ಎಂದು ಬರೆಯಲು ಬಿಡದೆ, ಪರದೆ ಸ್ಪರ್ಶಕ್ಕೆ ಸ್ಪಂದಿಸುತ್ತಿಲ್ಲ ಎಂದೇ ಬರೆಸಿ ಪ್ರತಿ ಪಡೆಯಬೇಕು. ವಾರಂಟಿ ಮುಗಿದ ಮೇಲೆ ಅದೇ ದೋಷ ಬಂದಾಗ, ಮೊದಲೇ ದೂರಿದ್ದೆವು ಎನ್ನಲು ಇರುವ ದಾಖಲೆ ಅದೊಂದೇ. ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಕಲಮು ದೋಷವಿರುವ ವಾಹನಗಳನ್ನು ರೀಕಾಲ್ ಮಾಡುವಂತೆ ಕಂಪನಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಮಾಲೀಕರು ದೂರು ದಾಖಲಿಸದೆ ಸುಮ್ಮನೆ ಹಣ ಕೊಟ್ಟು ಪರದೆ ಬದಲಿಸಿಕೊಂಡು ಹೋದರೆ ಆ ಅಧಿಕಾರ ಕಾಗದದಲ್ಲೇ ಉಳಿಯುತ್ತದೆ.

ಪರದೆಯನ್ನು ಬೇಡವೆನ್ನುವವನು ನಾನಲ್ಲ. ನಕ್ಷೆಗೆ, ಚಾರ್ಜರ್ ಹುಡುಕುವುದಕ್ಕೆ ಅದು ಬೇಕೇ ಬೇಕು. ಆದರೆ ಎಲ್ಲವನ್ನೂ ಅದರೊಳಗೆ ತುಂಬುವುದು ಸರಿಯಲ್ಲವೆಂಬ ಅರಿವು ಹೊರದೇಶಗಳಲ್ಲಿ ಮೂಡಿ ಕೆಲವು ವರ್ಷಗಳಾದವು. 2022ರಲ್ಲಿ ಸ್ವೀಡನ್ನಿನ ಕಾರು ಪತ್ರಿಕೆಯೊಂದು ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಪರೀಕ್ಷೆ ನಡೆಸಿದಾಗ, ಗುಂಡಿಗಳಿರುವ 2005ರ ಹಳೆಯ ಕಾರಿನಲ್ಲಿ 10 ಸೆಕೆಂಡಿನಲ್ಲಿ ಮುಗಿದ ನಾಲ್ಕು ಸಣ್ಣ ಕೆಲಸಗಳಿಗೆ, ಪರದೆಯಿರುವ ಹೊಸ ಕಾರೊಂದರಲ್ಲಿ ಸುಮಾರು 45 ಸೆಕೆಂಡು ಹಿಡಿಯಿತು. ಪರದೆಯಲ್ಲಿ ವೈಪರಿನ ವೇಗ ಬದಲಿಸುತ್ತ ಅಪಘಾತ ಮಾಡಿಕೊಂಡ ಚಾಲಕನ ಮೇಲಿನ ದಂಡವನ್ನು 2020ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ನ್ಯಾಯಾಲಯ ಎತ್ತಿಹಿಡಿಯಿತು. ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರ ಜನವರಿಯಿಂದ ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್ ಮತ್ತು ತುರ್ತು ಕರೆ ಇವಿಷ್ಟಕ್ಕೆ ಪ್ರತ್ಯೇಕ ಗುಂಡಿ ಅಥವಾ ಸನ್ನೆಕಡ್ಡಿ ಇರಬೇಕೆಂದು ತನ್ನ ಅಂಕಗಳ ನಿಯಮದಲ್ಲಿ ಸೇರಿಸಿದೆ. ಅದು ಯುರೋಪಿನ ಪಟ್ಟಿ. ಕೊಂಕಣ ಕರಾವಳಿಯ ಮಳೆಯಲ್ಲಿ ಕಾರು ಓಡಿಸುವವರು ಬರೆದಿದ್ದರೆ ಆರನೆಯದಾಗಿ ಗಾಜಿನ ಮಂಜು ತೆಗೆಯುವ ಗುಂಡಿಯನ್ನು ಸೇರಿಸುತ್ತಿದ್ದರು. ಗಣೇಶ ಚೌತಿಗೆ ಊರಿಗೆ ಹೊರಟು, ನಸುಕಿನಲ್ಲಿ ಚಿಪ್ಳೂಣದ ಹತ್ತಿರದ ಪರಶುರಾಮ ಘಾಟಿ ಇಳಿಯುವವರಿಗೆ ಆ ಗುಂಡಿ ಎಷ್ಟು ಮುಖ್ಯವೆಂದು ಹೇಳಿಕೊಡಬೇಕಾಗಿಲ್ಲ. ಅದೇ ಬಗೆಯ ನಮ್ಮ ದೇಶದ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರದಿಂದ ಜಾರಿಯಲ್ಲಿದೆ. ವಾಹನಗಳ ಮಾನದಂಡಗಳನ್ನು ರೂಪಿಸುವ ಕೆಲಸದಲ್ಲಿ ಪ್ರಮುಖವಾದ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಇರುವುದು ನಮ್ಮ ನೆರೆಯ ಪುಣೆಯಲ್ಲಿಯೇ. ಮುಂದಿನ ಪರಿಷ್ಕರಣೆಯಲ್ಲಿ ಈ ಆರೂ ನಿಯಂತ್ರಣಗಳು ಪರದೆಯ ಹೊರಗೆ ಇರಬೇಕೆಂಬುದನ್ನು ಪರಿಗಣಿಸಬೇಕೆಂದು ಅಲ್ಲಿನ ತಜ್ಞರಲ್ಲಿ ವಿನಂತಿಸುತ್ತೇನೆ.

ನಿಯಮ ಬರುವ ತನಕ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಕಾರನ್ನು ಹಸ್ತಾಂತರಿಸುವ ದಿನ ಹಾರ ಹಾಕಿ ಫೋಟೊ ತೆಗೆಯುವ ಡೀಲರುಗಳು ಒಂದು ಪುಟದ ಹಾಳೆಯನ್ನೂ ಕೊಡಲಿ. ಪರದೆಯನ್ನು ರೀಸ್ಟಾರ್ಟ್ ಮಾಡುವುದು ಹೇಗೆ, ಪರದೆಯಿಲ್ಲದೆ ಮಂಜು ತೆಗೆಯುವುದು, ಗೇರ್ ಹಾಕುವುದು ಹೇಗೆ, ಪರದೆಗೆ ವಾರಂಟಿ ಎಷ್ಟು ಎಂಬಿಷ್ಟು ಅದರಲ್ಲಿರಲಿ, ಮತ್ತು ಅದನ್ನು ಖರೀದಿದಾರರ ಕೈಯಿಂದಲೇ ಒಮ್ಮೆ ಮಾಡಿಸಲಿ. ನಮ್ಮ ಹಿರಿಯರಲ್ಲಿ ಹಲವರಿಗೆ ಇಂಗ್ಲಿಷ್ ಕೈಪಿಡಿ ಓದುವುದು ಕಷ್ಟ. ನಮ್ಮ ಮಹಾನಗರದ ಕನ್ನಡ ಸಂಘಗಳು ಆರೋಗ್ಯ ತಪಾಸಣಾ ಶಿಬಿರಗಳನ್ನು ನಡೆಸುವಂತೆ, ವಿದ್ಯುತ್ ಕಾರಿರುವ ಸದಸ್ಯರನ್ನು ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಸೇರಿಸಿ, ಬಲ್ಲವರಿಂದ ಇದನ್ನು ಕನ್ನಡದಲ್ಲಿ ತೋರಿಸಿಕೊಡುವ ಏರ್ಪಾಡು ಮಾಡಿದರೆ ಉಪಕಾರವಾಗುತ್ತದೆ. ಅಂಥ ಕಾರ್ಯಕ್ರಮಕ್ಕೆ ಬಂದು ವಿವರಿಸಲು ನಾನೂ ಸಿದ್ಧನಿದ್ದೇನೆ. ಆಸಕ್ತ ಸಂಘಗಳು ತಮ್ಮ ಪತ್ರಿಕೆಯ ಮೂಲಕ ತಿಳಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ತಂತ್ರಜ್ಞ, ನೆರೂಲ್, ನವಿ ಮುಂಬಯಿ